ಉಪ್ಪು, ನೀರು ಮತ್ತು ಐದನೆಯ ದಿನ



ಕೋರಾಡಿಯಲ್ಲಿ ಬೆಳೆದ ನಿಮಗೆ ಒತ್ತಡ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ವಿದ್ಯುತ್ ಕೇಂದ್ರದ ಚಿಮಣಿಗಳನ್ನು ದಿನವೂ ನೋಡಿದ್ದೀರಿ. ಬಾಯ್ಲರ್, ಹಬೆ, ಟರ್ಬೈನ್ ಎಂಬ ಮಾತುಗಳನ್ನು ಊಟದ ಜೊತೆಗೇ ಕೇಳಿದ್ದೀರಿ. ಆದರೆ ನಾವೆಲ್ಲ ಸಾಸಿವೆ ಕಾಳಿಗಿಂತಲೂ ಚಿಕ್ಕವರಾಗಿದ್ದಾಗ ನಮ್ಮೊಳಗೂ ನೀರಿನ ಒತ್ತಡ ದೊಡ್ಡ ಕೆಲಸ ಮಾಡಿದೆ, ಗೊತ್ತೇ? ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ಗೃಹಿಣಿಗೆ ಈ ಉಸಾಬರಿ ಯಾಕೆ ಎನ್ನಬೇಡಿ. ಕಾರಣವಿದೆ, ಹೇಳುತ್ತೇನೆ.

ಗರ್ಭ ಕಟ್ಟಿದ ಮೇಲೆ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕನೆಯ ದಿನಕ್ಕೆ ಹಿಪ್ಪುನೇರಳೆ ಹಣ್ಣಿನಂಥ ಒಂದು ಉಂಡೆಯಾಗುತ್ತದೆ. ಐದನೆಯ ದಿನದ ಹೊತ್ತಿಗೆ ಅದರೊಳಗೆ ನೀರು ತುಂಬಿದ ಪೊಳ್ಳು ಕಾಣಿಸುತ್ತದೆ. ಒಳಗಿನ ಕೋಶಗಳು ಒಂದು ಪಕ್ಕಕ್ಕೆ ಸರಿಯುತ್ತವೆ. ಮಗುವಾಗುವುದು ಅವುಗಳಿಂದ. ಹೊರಗಿನ ಪದರ ಮುಂದೆ ಮಾಸು ಆಗುತ್ತದೆ. ಈ ಹಂತಕ್ಕೆ ಬ್ಲಾಸ್ಟೋಸಿಸ್ಟ್ ಎಂದು ಹೆಸರು.

ನೀರು ಒಳಗೆ ಬಂದದ್ದು ಹೇಗೆ? ಸೌತೆಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದಲ್ಲ, ಹಾಗೆಯೇ. ಹೊರಪದರದ ಕೋಶಗಳು ಉಪ್ಪಿನಂಶವನ್ನು ಒಳಮುಖವಾಗಿ ದೂಡುತ್ತವೆ. ಉಪ್ಪು ಇದ್ದಲ್ಲಿಗೆ ನೀರು ಹೋಗುತ್ತದೆ.

ಆದರೆ ಕೋಶಗಳು ಒಂದಕ್ಕೊಂದು ಅಂಟಿಕೊಂಡಿವೆ. ಜಾಗವೆಲ್ಲಿ? 2019ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ವಿಜ್ಞಾನಿಗಳು ಇಲಿಯ ಭ್ರೂಣದಲ್ಲಿ ಇದನ್ನು ತೋರಿಸಿದರು. ತೈಲ ತೆಗೆಯುವವರು ನೀರಿನ ಒತ್ತಡದಿಂದ ಬಂಡೆಯನ್ನು ಬಿರಿಯುವಂತೆ ಮಾಡುತ್ತಾರಲ್ಲ, ಅದೇ ರೀತಿ ನೀರು ಕೋಶಗಳ ನಡುವಿನ ಅಂಟನ್ನು ಬಿಡಿಸುತ್ತದೆ. ಮೊದಲು ನೂರಾರು ಪುಟ್ಟ ನೀರಗುಳ್ಳೆಗಳು ಏಳುತ್ತವೆ. ಆಮೇಲೆ ಚಿಕ್ಕವುಗಳ ನೀರು ದೊಡ್ಡವುಗಳಿಗೆ ಹರಿದು, ಕೊನೆಗೆ ಒಂದೇ ಉಳಿಯುತ್ತದೆ. ಬಲೂನು ಊದುವಾಗ ಮೊದಲ ಉಸಿರೇ ಕಷ್ಟ, ಹಿಗ್ಗಿದ ಮೇಲೆ ಸಲೀಸು. ಇಲ್ಲಿಯೂ ಚಿಕ್ಕ ಗುಳ್ಳೆಯೊಳಗೆ ಒತ್ತಡ ಹೆಚ್ಚು, ದೊಡ್ಡದರಲ್ಲಿ ಕಡಿಮೆ.

ಆ ಒಂದು ಪೊಳ್ಳು ಎಲ್ಲಿ ನಿಲ್ಲುತ್ತದೆ? ಅಂಟು ಸಡಿಲವಿರುವ ಕಡೆ. ಸಡಿಲ ಅಂಟಿನ ಕೋಶಗಳನ್ನು ಬೇಕೆಂದೇ ಬೆರೆಸಿದಾಗ ಪೊಳ್ಳು ಅವುಗಳ ಕಡೆಗೇ ಮೂಡಿತು. ಅಂಟು ಎಷ್ಟಿರಬೇಕೆಂಬುದರಲ್ಲಿ ವಂಶವಾಹಿಗಳ ಪಾತ್ರವಿದೆ, ನಿಜ. ಆದರೆ ಬಿಡಿಸುವುದು, ಸೇರಿಸುವುದು, ಪಕ್ಕಕ್ಕೆ ಸರಿಸುವುದು ನೀರಿನ ಕೆಲಸ.

ಈಗ ಕಾರಣಕ್ಕೆ ಬರುತ್ತೇನೆ. ಇಂದು ನಮ್ಮ ಬಳಗದಲ್ಲೂ ಐ.ವಿ.ಎಫ್. ಚಿಕಿತ್ಸೆಗೆ ಹೋಗುವ ದಂಪತಿಗಳಿದ್ದಾರೆ. ಅಲ್ಲಿ ವೈದ್ಯರು ಹಲವು ಸಲ ಕಾಯುವುದು ಈ ಐದನೆಯ ದಿನಕ್ಕೇ. ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಸುಮಾರು ಅರ್ಧದಷ್ಟು ಈ ಹಂತವನ್ನು ಮುಟ್ಟುವುದಿಲ್ಲ. ವರ್ಣತಂತುಗಳ ಎಣಿಕೆ ತಪ್ಪಿರುವುದು ಒಂದು ಮುಖ್ಯ ಕಾರಣ. ಆದರೂ ಮನೆಯಲ್ಲಿ ಏಳುವ ಮಾತೇನು? "ಪಪ್ಪಾಯಿ ತಿಂದಿರಬೇಕು", "ಕೆಲಸ ಬಿಡಲಿಲ್ಲವಲ್ಲ, ಅದಕ್ಕೇ." ಭ್ರೂಣ ಇನ್ನೂ ಪ್ರಯೋಗಾಲಯದ ತಟ್ಟೆಯಲ್ಲಿದೆ, ಆಕೆಯ ಒಡಲಿಗೆ ಬಂದೇ ಇಲ್ಲ! ಆಕೆ ಆ ವಾರ ಏನು ತಿಂದಳು, ಎಷ್ಟು ಮೆಟ್ಟಿಲು ಹತ್ತಿದಳು ಎಂಬುದಕ್ಕೂ ಇದಕ್ಕೂ ಏನು ಸಂಬಂಧ?

ಇನ್ನೊಂದು ಸಂಗತಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಮೂರನೆಯ ದರ್ಜೆಯವೆಂದು ಬದಿಗಿಟ್ಟ ಭ್ರೂಣಗಳಿಂದಲೇ ಎರಡು ಮಾನವ ಮೂಲಕೋಶ ತಳಿಗಳನ್ನು ಬೆಳೆಸಿ, 2009ರಲ್ಲಿ ಪ್ರಕಟಿಸಿದರು. ಕೆಲಸಕ್ಕೆ ಬಾರದು ಎಂದುಕೊಂಡದ್ದರಲ್ಲೂ ಜೀವಂತಿಕೆ ಇತ್ತು.

ನಿಮ್ಮಲ್ಲಿ ಕೆಲವರಿಗೆ ಮದುವೆಯಾಗಿದೆ, ಕೆಲವರಿಗೆ ಆಗಲಿದೆ. ಅಕ್ಕನಿಗೋ ಅತ್ತಿಗೆಗೋ ಯಾರಾದರೂ ಇಂಥ ಮಾತು ಆಡಿದರೆ ಸುಮ್ಮನಿರಬೇಡಿ, ಜಗಳವನ್ನೂ ಆಡಬೇಡಿ. ಸೌತೆಕಾಯಿಯ ಕಥೆ ಹೇಳಿ. ಮರಾಠಿ, ಹಿಂದಿ, ಇಂಗ್ಲಿಷ್ ಬೆರೆಸದೆ ಕನ್ನಡದಲ್ಲೇ ಹೇಳಿ. ಊರಿನಲ್ಲಿರುವ ಅಜ್ಜಿಗೂ ಅರ್ಥವಾಗುತ್ತದೆ. ಉಪ್ಪು ನೀರು ಬಿಡಿಸುವುದನ್ನು ಅವರು ನಮಗಿಂತ ಹೆಚ್ಚು ವರ್ಷ ನೋಡಿದ್ದಾರೆ.