ಬೆಲೆಗಿಂತ ಮೊದಲು ಕಾಗದ ಕೇಳಿದವರು

ನಮ್ಮಪ್ಪ ನೊಣವಿನಕೆರೆ ಕಡೆಯ ರೈತರು. ಮಕ್ಕಳು ಓದಲಿ ಎಂದು 1978ರಲ್ಲಿ ತಿಪಟೂರಿನಲ್ಲಿ ಒಂದು ಹಳೇ ಮನೆ ಕೊಂಡರು. ಮುಂದೆ ಪಡಸಾಲೆ, ಹಿಂದೆ ಬಚ್ಚಲು, ಮೇಲೆ ಮನೆಯ ಅಗಲಕ್ಕೂ ಹಾಸಿದ ಅಟ್ಟ. ತೋಟದಿಂದ ಬಂದ ಕಾಯಿ ಆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರುತ್ತಿತ್ತು. ನೀರು ಇಂಗಿ, ಕುಲುಕಿದರೆ ಗಿಟುಕು ಚಿಪ್ಪಿನೊಳಗೆ ಸದ್ದು ಮಾಡುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಅಣ್ಣ ಬೆಂಗಳೂರಿನಲ್ಲಿ, ತಂಗಿ ತುರುವೇಕೆರೆಯಲ್ಲಿ, ಟೀಚರ್ ಕೆಲಸದಿಂದ ನಿವೃತ್ತಳಾದ ನಾನು ತುಮಕೂರಿನಲ್ಲಿ. ಮೂವರೂ ಕೂತು ಮಾರಿಬಿಡೋಣ ಎಂದುಕೊಂಡೆವು.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಗೊತ್ತಿರುವವರ ಮೂಲಕ ಒಬ್ಬ ಬ್ರೋಕರ್ ಬಂದರು. ಬೀದಿಯಲ್ಲೇ ನಿಂತು ಮನೆ ನೋಡಿ, ‘ಎಂಬತ್ತು ಲಕ್ಷಕ್ಕೆ ಕೊಡಿಸ್ತೀನಿ ಬಿಡಿ’ ಎಂದರು. ನಮ್ಮ ಮನಸ್ಸಿನಲ್ಲಿ ಇದ್ದದ್ದು ಅರವತ್ತು. ಖುಷಿಯಲ್ಲಿ ಬೀಗದಕೈ ಕೊಟ್ಟೆವು. ಹನ್ನೊಂದು ತಿಂಗಳಲ್ಲಿ ಆ ಎಂಬತ್ತು ಎಪ್ಪತ್ತಾಯಿತು, ಅರವತ್ತಾಯಿತು, ಕೊನೆಗೆ ‘ಐವತ್ತೆರಡಕ್ಕೊಂದು ಪಾರ್ಟಿ ಐತೆ, ಬಿಟ್ರೆ ಸಿಗಲ್ಲ’ ಎಂಬಲ್ಲಿಗೆ ಬಂತು. ಅಟ್ಟ ಕೀಳಿಸಿ ಸೈಟು ಅಂತ ಮಾರೋಣ ಎಂದರು. ‘ಹೆಣ್ಮಕ್ಳ ಸಹಿ ಆಮೇಲೆ ಹಾಕಿಸಿದ್ರಾಯ್ತು, ಅಣ್ಣೋರು ಒಬ್ರೇ ಅಗ್ರಿಮೆಂಟ್ ಮಾಡ್ಕೊಡ್ಲಿ’ ಎಂದೂ ಹೇಳಿದರು. ಆ ಪಾರ್ಟಿಯ ಸಂಬಂಧಿಕರೊಬ್ಬರು ನನ್ನ ಹಳೇ ವಿದ್ಯಾರ್ಥಿ. ಅವರಿಂದ ತಿಳಿಯಿತು: ಆ ಕಡೆಗೆ ಹೇಳಿದ್ದ ಬೆಲೆ ಅರವತ್ತೊಂದು. ಟೋಕನ್ ಎಂದು ಐವತ್ತು ಸಾವಿರವನ್ನು ನಗದಾಗಿ ಆಗಲೇ ತೆಗೆದುಕೊಂಡಾಗಿತ್ತು, ನಮಗೆ ಒಂದು ಮಾತೂ ಹೇಳದೆ.

ಮೊದಲ ದಿನದ ಆ ದೊಡ್ಡ ಬೆಲೆ ಮನೆಯ ಬೆಲೆಯಲ್ಲ, ಬೀಗದಕೈಯ ಬೆಲೆ ಎಂದು ನನಗೆ ಅರ್ಥವಾದದ್ದು ಆಗ. ಮನೆ ಒಬ್ಬರ ಕೈಗೆ ಸಿಕ್ಕಿದ ಮೇಲೆ ಮಾರುವವರನ್ನು ಸುಸ್ತು ಮಾಡುವ ಕೆಲಸವನ್ನು ಕಾಲವೇ ಮಾಡುತ್ತದೆ. ಕಂದಾಯ, ಕರೆಂಟ್ ಬಿಲ್ಲು, ಸೋರುವ ಹೆಂಚು, ಒಡಹುಟ್ಟಿದವರ ನಡುವೆ ಸಣ್ಣಗೆ ಶುರುವಾಗುವ ಅನುಮಾನ.

ಕೊಬ್ಬರಿ ಮಾರುವಾಗ ನಮ್ಮ ಕಡೆಯ ರೈತರು ಹೀಗೆ ಕಣ್ಣು ಮುಚ್ಚಿ ಕೊಡುವುದಿಲ್ಲ. ತಿಪಟೂರು ಎಪಿಎಂಸಿಯಲ್ಲಿ ಲಾಟಿಗೆ ನಂಬರ್ ಬೀಳುತ್ತದೆ, ಆನ್‌ಲೈನ್ ಟೆಂಡರ್ ನಡೆಯುತ್ತದೆ, ಯಾವ ಲಾಟು ಎಷ್ಟಕ್ಕೆ ಹೋಯಿತೆಂದು ಅವತ್ತೇ ತಿಳಿಯುತ್ತದೆ. ಮಂಡಿಯವರಿಗೆ ಲೈಸೆನ್ಸ್ ಇದೆ. ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿದು ಜನ ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿತು. ಆ ಕೆಟ್ಟ ವರ್ಷದಲ್ಲೂ ಧಾರಣೆ ಹೊಟ್ಟೆ ಉರಿಸಿತೇ ಹೊರತು ಬಚ್ಚಿಟ್ಟುಕೊಂಡಿರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಮಾರುವ ಕೊಬ್ಬರಿಗೆ ಇಷ್ಟು ಬಂದೋಬಸ್ತಿರುವಾಗ, ಜೀವಮಾನದಲ್ಲಿ ಒಮ್ಮೆ ಮಾರುವ ಮನೆಯನ್ನು ಬಾಯಿಮಾತಿನ ಮೇಲೆ ಕೊಡುತ್ತೇವೆ.

ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಇದೆಯಲ್ಲ ಎನ್ನುತ್ತಾರೆ. 2016ರ ಆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಏಜೆಂಟರು ನೋಂದಾಯಿಸಿಕೊಳ್ಳಬೇಕಾದದ್ದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ಗಳ ಸೈಟು, ಫ್ಲಾಟು ಮಾರಿಸುವುದಕ್ಕೆ. ನಮ್ಮಪ್ಪನ ಮನೆಯಂಥ ಹಳೇ ಮನೆಯನ್ನಾಗಲಿ, ಚಿಕ್ಕನಾಯಕನಹಳ್ಳಿಯ ಮೂರೆಕರೆ ತೆಂಗಿನ ತೋಟವನ್ನಾಗಲಿ ಮಾರಿಸುವವರಿಗೆ ಅದು ಅನ್ವಯಿಸುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುವ ಪತ್ರ ಬರಹಗಾರರಿಗೂ ಲೈಸೆನ್ಸ್ ಇದೆ. ಅವರ ಮುಂದಿನ ಬೆಂಚಿನಲ್ಲಿ ಕೂತ ಬ್ರೋಕರ್‌ಗೆ ಇಲ್ಲ.

ನಮಗೆ ಎರಡನೆಯ ಬ್ರೋಕರ್ ಸಿಕ್ಕಿದ್ದು ತಂಗಿಯ ಕಡೆಯಿಂದ. ಬಂದವರೇ ‘ಅಕ್ಕಾ, ಬೆಲೆ ಆಮೇಲೆ ಮಾತಾಡಾಣ, ಮೊದ್ಲು ಕಾಗ್ದ ತೋರ್ಸಿ’ ಎಂದರು. ಅಪ್ಪನ ಕ್ರಯಪತ್ರವನ್ನು ಪಡಸಾಲೆಯ ಬೆಳಕಿಗೆ ಹಿಡಿದು ಚಕ್ಕುಬಂದಿಯನ್ನು ಬೆರಳಿಟ್ಟು ಓದಿದರು. ಜೇಬಿನಿಂದ ಟೇಪು ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟರು. ಪತ್ರದಲ್ಲಿ ಉದ್ದ 52 ಅಡಿ, ಟೇಪಿನಲ್ಲಿ ಐವತ್ತೂವರೆ. ಏಣಿ ಹಾಕಿಸಿ ಅಟ್ಟ ಹತ್ತಿದರು. ಬೀಗದಕೈಯಿಂದ ತೊಲೆಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಗಟ್ಟಿಯಾಗಿ ಕೇಳುತ್ತಿದ್ದ ಸದ್ದು ಹಿತ್ತಿಲ ಕಡೆಯ ತೊಲೆಯಲ್ಲಿ ಪೊಳ್ಳಾಯಿತು. ‘ಇಲ್ಲಿ ಗೆದ್ದಲು ತಿಂದೈತೆ. ಬರೋರಿಗೆ ನಾನೇ ಮೊದ್ಲು ಹೇಳ್ತೀನಿ. ಮುಚ್ಚಿಟ್ರೆ ಅಗ್ರಿಮೆಂಟ್ ಆದ್ಮೇಲೆ ಜಗಳ’ ಎಂದರು. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಈಗ ನಗರಸಭೆ ವ್ಯಾಪ್ತಿಯಲ್ಲಿ ಇ-ಖಾತೆ ಇಲ್ಲದೆ ನೋಂದಣಿಯಾಗುವುದಿಲ್ಲ. ವಂಶವೃಕ್ಷ, ಇಬ್ಬರ ಮರಣ ಪತ್ರ, ಮೂವರ ಹೆಸರಿಗೂ ಖಾತೆ, ಇ.ಸಿ. (ಋಣಭಾರ ಪತ್ರ) ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು, ‘ಇದೆಲ್ಲಾ ಆದ್ಮೇಲೆ ಫೋನ್ ಮಾಡಿ, ಅಲ್ಲೀತಂಕ ನಾನು ಯಾರ್ನೂ ಕರ್ಕೊಂಡ್ ಬರಲ್ಲ’ ಎಂದು ಹೊರಟುಬಿಟ್ಟರು. ಬೀಗದಕೈ ಕೇಳಲೇ ಇಲ್ಲ.

ಮೂರೂವರೆ ತಿಂಗಳು ಓಡಾಡಿದೆವು. ಆಮೇಲೆ ಅವರು ಹೇಳಿದ ಬೆಲೆ ಐವತ್ತೆಂಟರಿಂದ ಅರವತ್ತು. ಆ ಬೀದಿಯಲ್ಲೂ ಹಿಂದಿನ ಬೀದಿಯಲ್ಲೂ ಈಚೆಗೆ ನೋಂದಣಿಯಾದ ಎರಡು ಮನೆಗಳ ಲೆಕ್ಕ ಮುಂದಿಟ್ಟರು. ಕಮಿಷನ್ ನಮ್ಮಿಂದ ಶೇ 1, ಕೊಳ್ಳುವವರಿಂದ ಶೇ 1, ಎರಡೂ ಇಬ್ಬರಿಗೂ ಗೊತ್ತಿರುವಂತೆ ಬರವಣಿಗೆಯಲ್ಲಿ. ಎರಡೂ ಕಡೆ ತೆಗೆದುಕೊಳ್ಳುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಒಬ್ಬರ ಪರವಾಗಿ ನಿಲ್ಲುವುದೇ ಸರಿ. ಆದರೆ ಅವರು ಮುಚ್ಚಿಡಲಿಲ್ಲ. ಅಟ್ಟವನ್ನು ಕೀಳಿಸಬೇಡಿ ಎಂದವರೂ ಅವರೇ. ಕಾಯಿ ಒಣಗಿಸಲು ಅಟ್ಟ ಬೇಕಾದವರನ್ನು ಹುಡುಕಿ, ಶೆಟ್ಟಿಕೆರೆ ಕಡೆಯ ಒಂದು ಕುಟುಂಬವನ್ನು ಕರೆತಂದರು. ಐವತ್ತೊಂಬತ್ತಕ್ಕೆ ಮಾತಾಯಿತು. ಕ್ರಯ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿಯುತ್ತಾರೆ, ಸ್ಥಿರಾಸ್ತಿಯ ಮುಂಗಡವಾಗಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬುದನ್ನೂ ಅವರೇ ಮೊದಲು ಹೇಳಿದರು. ಮುಂಗಡ ನೇರವಾಗಿ ನಮ್ಮ ಬ್ಯಾಂಕ್ ಖಾತೆಗಳಿಗೆ ಬಂತು.

ನಮ್ಮ ಸೀಮೆಯಲ್ಲಿ ಬ್ರೋಕರ್ ಆರಿಸುವಾಗ ಅಡ್ಡ ಬರುವುದು ಅಜ್ಞಾನಕ್ಕಿಂತ ದಾಕ್ಷಿಣ್ಯ. ಅವರು ಅಣ್ಣನ ಸ್ನೇಹಿತರು, ಇವರು ಬೀಗರ ಕಡೆಯವರು, ಮೊನ್ನೆ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದವರು. ಅವರನ್ನು ‘ಬರೆದುಕೊಡಿ’ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ನಾನೂ ಹನ್ನೊಂದು ತಿಂಗಳು ಕೇಳಲಿಲ್ಲ. ತೋಟದ ವಿಷಯದಲ್ಲಿ ಇದು ಇನ್ನೂ ಅಪಾಯ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳಬಹುದು. ಬೆಂಗಳೂರಿನ ಕಾರುಗಳು ಕಿಬ್ಬನಹಳ್ಳಿ ಕ್ರಾಸ್ ದಾಟಿ ಹಳ್ಳಿಗಳಿಗೆ ಬರುತ್ತಿವೆ. ತೋಟದಲ್ಲಿ ಇರುವವರು ಎಷ್ಟೋ ಕಡೆ ವಯಸ್ಸಾದ ದಂಪತಿ ಮಾತ್ರ. ಅಂಥವರ ಮನೆ ಜಗಲಿಯಲ್ಲಿ ಕೂತು ಮಾತಾಡುವ ಮಧ್ಯಸ್ಥ ಯಾರು, ಯಾರ ಪರ, ಎಷ್ಟು ತೆಗೆದುಕೊಳ್ಳುತ್ತಾನೆ ಎಂಬುದಕ್ಕೆ ಎಲ್ಲಿಯೂ ದಾಖಲೆಯಿಲ್ಲ.

ಸರ್ಕಾರ ಇಂಥ ಮಧ್ಯಸ್ಥರನ್ನೂ ನೋಂದಾಯಿಸಬೇಕು. ಪ್ರತಿ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಅವರ ಹೆಸರಿನ ಪಟ್ಟಿ ಹಾಕಬೇಕು. ಕಮಿಷನ್ ಎಷ್ಟು, ಯಾರಿಂದ, ಎಷ್ಟು ತಿಂಗಳ ಒಪ್ಪಂದ ಎಂಬ ಒಂದು ಪುಟದ ಕನ್ನಡ ನಮೂನೆ ಇರಬೇಕು. ಕ್ರಯಪತ್ರದಲ್ಲಿ ಸಾಕ್ಷಿಗಳ ಹೆಸರಿರುವಂತೆ ಮಧ್ಯಸ್ಥರ ಹೆಸರೂ ಇರಲಿ. ಒಳ್ಳೆಯ ಬ್ರೋಕರ್‌ಗಳು ಇದಕ್ಕೆ ಹೆದರುವುದಿಲ್ಲ. ನಮ್ಮವರು ಕಮಿಷನ್‌ಗೆ ರಸೀದಿಯನ್ನು ಕೇಳುವ ಮೊದಲೇ ಬರೆದುಕೊಟ್ಟರು.

ತಂಗಿ ಈಗ ತುರುವೇಕೆರೆಯ ತನ್ನ ಮನೆ ಮಾರಬೇಕೆಂದಿದ್ದಾಳೆ. ಮೊದಲು ಇ.ಸಿ. ತೆಗೆಸು ಎಂದಿದ್ದೇನೆ. ಅದು ಕೈಗೆ ಬಂದ ಮೇಲೆ ಇಬ್ಬರು ಬ್ರೋಕರ್‌ಗಳನ್ನು ಬೇರೆ ಬೇರೆ ಹೊತ್ತಿಗೆ ಕರೆಸು, ಕಾಫಿ ಕೊಡು, ಬೆಲೆಯ ಮಾತೆತ್ತದೆ ಮನೆ ತೋರಿಸು, ಯಾರು ಏನು ಕೇಳುತ್ತಾರೋ ಬರೆದಿಟ್ಟುಕೊಂಡು ರಾತ್ರಿ ನನಗೆ ಫೋನ್ ಮಾಡು ಎಂದಿದ್ದೇನೆ.