18ಕ್ಕೆ ನಿಲ್ಲೋ ಆಸರೆ

ನಮ್ಮಲ್ಲಿ ಬಹುತೇಕರಿಗೆ 18 ತುಂಬಿದ್ದು ಸೆಕೆಂಡ್ ಪಿಯು ಮುಗಿಯೋ ಹೊತ್ತಿಗೆ ಅಥವಾ ಫಸ್ಟ್ ಸೆಮ್‌ನಲ್ಲಿ. ವೋಟರ್ ಐಡಿ ಬಂತು, ಡಿಎಲ್ ಬಂತು. ಅದು ಬಿಟ್ರೆ ಏನೂ ಬದಲಾಗಲಿಲ್ಲ. ಫೀಸ್ ಅಪ್ಪನೇ ಕಟ್ಟಿದ್ರು, ಊಟ ಆಯ್ತಾ ಅಂತ ಅಮ್ಮನೇ ಕೇಳಿದ್ರು.

ಬಾಲಮಂದಿರದಲ್ಲೋ ಬೇರೆ ಮಕ್ಕಳ ಪಾಲನಾ ಸಂಸ್ಥೆಯಲ್ಲೋ ಬೆಳೆದವರಿಗೆ 18 ಅಂದ್ರೆ ಬೇರೆಯೇ ಅರ್ಥ. ಅವತ್ತಿಂದ ಅವರು ಕಾನೂನಿನ ಕಣ್ಣಿನಲ್ಲಿ 'ಮಗು' ಅಲ್ಲ. ಸಂಸ್ಥೆ ಬಿಡಬೇಕು. ಸಿಇಟಿ, ಆಪ್ಷನ್ ಎಂಟ್ರಿ, ರೂಮ್ ಹುಡುಕೋದು, ಅಡ್ವಾನ್ಸ್ ಹೊಂದಿಸೋದು ಎಲ್ಲಾ ಒಟ್ಟಿಗೆ ತಲೆ ಮೇಲೆ ಬೀಳೋದು ಅದೇ ವರ್ಷ. ಹಾಗಾಗಿ ನನ್ನ ವಾದ ಇಷ್ಟೇ: ಅನಾಥ ಮತ್ತು ಬಡ ಮಕ್ಕಳಿಗೆ ನೆರವಾಗುವ ಸರ್ಕಾರ, ಟ್ರಸ್ಟ್, ದಾನಿಗಳು ಎಲ್ಲರೂ 18ರಿಂದ 23ರ ತನಕದ ಐದು ವರ್ಷಗಳನ್ನು ಲೆಕ್ಕಕ್ಕೆ ತಗೋಬೇಕು.

ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ, 18 ತುಂಬಿ ಸಂಸ್ಥೆ ಬಿಡುವವರಿಗೆ ಆರ್ಥಿಕ ನೆರವು 'ಕೊಡಬಹುದು'. ಕೊಡಲೇಬೇಕು ಅಂತಿಲ್ಲ, ಕೊಡಬಹುದು. ಇದಕ್ಕೆ ಅನುಪಾಲನೆ ಅಂತ ಹೆಸರು. ಇದು 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಮಾತ್ರ 23ರವರೆಗೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಈಗ ನಮ್ಮ ಲೆಕ್ಕ ಹಾಕಿ. 18ಕ್ಕೆ ಬಿಇ ಸೇರಿದವನು ಮುಗಿಸೋದು 22ಕ್ಕೆ. 21 ಅಂದ್ರೆ ಆರನೇ ಅಥವಾ ಏಳನೇ ಸೆಮ್. ಇನ್ನೇನು ಪ್ಲೇಸ್‌ಮೆಂಟ್ ಅನ್ನೋ ಹೊತ್ತಿಗೆ ಆಸರೆ ನಿಲ್ಲುತ್ತೆ.

ಸರ್ಕಾರಕ್ಕೆ ಇದು ಗೊತ್ತಿಲ್ವಾ? ಗೊತ್ತು. ಕೋವಿಡ್ ಕಾಲದಲ್ಲಿ, ಅಂದರೆ 2020ರ ಮಾರ್ಚ್ 11ರಿಂದ 2022ರ ಫೆಬ್ರವರಿ 28ರ ಒಳಗೆ, ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡ ಮಕ್ಕಳಿಗೆ ಪಿಎಂ ಕೇರ್ಸ್ ಯೋಜನೆ ಬಂತು. ಅದರಲ್ಲಿ 18ರಿಂದ 23ರವರೆಗೆ ತಿಂಗಳ ಭತ್ಯೆ, 23 ತುಂಬಿದಾಗ 10 ಲಕ್ಷ ರೂಪಾಯಿ. ಒಳ್ಳೆ ಯೋಜನೆ. ಒಬ್ಬ ಮನುಷ್ಯ ಕಾಲ ಮೇಲೆ ನಿಲ್ಲೋಕೆ 23 ಆಗುತ್ತೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯ್ತು.

ಆದರೆ ಈ ದಿನಾಂಕಗಳ ಆಚೆ ಇರೋರು? ನಾನು ಕೊಳ್ಳೇಗಾಲದ ಕಡೆಯವನು. 2018ರ ಡಿಸೆಂಬರ್‌ನಲ್ಲಿ ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಜನ ಸತ್ತಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಹಾಗಾದ ಮಕ್ಕಳೂ ಅಲ್ಲಿದ್ದರು. ಆಗ ಇಡೀ ರಾಜ್ಯವೇ ಹನೂರಿನ ಕಡೆ ನೋಡ್ತು. ಆದರೆ ಕೋವಿಡ್ ಯೋಜನೆಯ ದಿನಾಂಕಕ್ಕೆ 2018 ಸೇರಲ್ಲ. ಕಾಯಿಲೆಗೋ ಆಕ್ಸಿಡೆಂಟಿಗೋ ಹೆತ್ತವರನ್ನು ಕಳಕೊಂಡವರೂ ಸೇರಲ್ಲ. ಅಪ್ಪ ಅಮ್ಮ ಯಾವ ಕಾರಣಕ್ಕೆ, ಯಾವ ತಾರೀಕಿಗೆ ಹೋದರು ಅನ್ನೋದರ ಮೇಲೆ ಮಗುವಿನ ಮುಂದಿನ ಐದು ವರ್ಷ ನಿರ್ಧಾರ ಆಗಬಾರದು.

ದೂರದ ಸಮಸ್ಯೆ ಬೇರೆ ಇದೆ. ಮಕ್ಕಳ ರಕ್ಷಣಾ ಘಟಕ ಇರೋದು ಜಿಲ್ಲಾ ಕೇಂದ್ರ ಚಾಮರಾಜನಗರದಲ್ಲಿ. ಮಾದಪ್ಪನ ಬೆಟ್ಟದ ಹಳ್ಳಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಸಹಿಗೆ ಒಂದು ದಿನದ ಕೂಲಿ ಹೋಯ್ತು. ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಹೆತ್ತವರ ವಿವರ ಬೇಕು. ನಮಗೆ ಅದನ್ನೆಲ್ಲಾ ಮನೆಯವರು ನಾಡಕಚೇರಿಗೆ ಹೋಗಿ ತಂದುಕೊಟ್ರು. ಮನೆಯವರೇ ಇಲ್ಲದವರಿಗೆ ಯಾರು ಓಡಾಡ್ತಾರೆ?

ಹತ್ತಿರದಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಸೋಲಿಗರಿಗೆ ಆಸ್ಪತ್ರೆ, ಮಕ್ಕಳಿಗೆ ವಸತಿ ಶಾಲೆ ಕಟ್ಟಿದರು. ಅಷ್ಟಕ್ಕೇ ನಿಲ್ಲಿಸದೆ ವೃತ್ತಿ ತರಬೇತಿಯನ್ನೂ, ಬುಡಕಟ್ಟು ಹುಡುಗಿಯರಿಗೆ ದಾದಿಯರ ತರಬೇತಿಯನ್ನೂ ಸೇರಿಸಿದರು. 1994ರಲ್ಲಿ ಈ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನನಗೆ ಇದರಲ್ಲಿ ಮುಖ್ಯ ಅನ್ಸೋದು ಶಾಲೆಯ ಮುಂದೆ ಕೆಲಸಕ್ಕೆ ಒಂದು ದಾರಿ ಇದೆ ಅನ್ನೋದು. ಆದರೂ ಒಂದು ವ್ಯತ್ಯಾಸ ನೆನಪಿಡಬೇಕು. ಸೋಲಿಗರ ಹುಡುಗಿಗೆ ರಜೆಯಲ್ಲಿ ಹೋಗೋಕೆ ಅವಳ ಪೋಡು ಇದೆ, ಅಜ್ಜಿ ಇದ್ದಾರೆ. ಬಾಲಮಂದಿರದಿಂದ ಬಂದವಳಿಗೆ ದಸರಾ ರಜೆಯಲ್ಲಿ ಕಾಲೇಜ್ ಹಾಸ್ಟೆಲ್ ಮುಚ್ಚಿದರೆ ಹೋಗೋಕೆ ಜಾಗವೇ ಇಲ್ಲ.

"18 ಆದ್ಮೇಲೂ ಸಾಕ್ತಾ ಕೂತ್ರೆ ಸೋಮಾರಿ ಆಗಲ್ವಾ?" ಅಂತ ಕೇಳೋರಿದ್ದಾರೆ. ಉತ್ತರ ನಮ್ಮ ಕ್ಲಾಸಲ್ಲೇ ಇದೆ. ನಮ್ಮನ್ನೆಲ್ಲಾ ಇನ್ನೂ ಮನೆಯವರೇ ಸಾಕ್ತಿದ್ದಾರೆ, ನಮ್ಮನ್ನ ಯಾರೂ ಸೋಮಾರಿ ಅನ್ನಲ್ಲ, ಸ್ಟೂಡೆಂಟ್ ಅಂತಾರೆ. ಬ್ಯಾಕ್ ಉಳಿದರೆ ಇನ್ನೊಂದು ಸಲ ಬರೆಯೋ ಧೈರ್ಯ ನಮಗಿರೋದು ಹಿಂದೆ ಮನೆ ಇದೆ ಅಂತ. ಅವರಿಗೂ ಬೇಕಿರೋದು ಅದೇ, ಒಂದು ಸಲ ಎಡವಿದರೂ ಬೀದಿಗೆ ಬೀಳಲ್ಲ ಅನ್ನೋ ಭರವಸೆ.

ದಾನ ಕೊಡೋರು ಇನ್ನು ಮೇಲೆ "ಎಷ್ಟು ಮಕ್ಕಳಿಗೆ ಊಟ ಹಾಕಿದ್ರಿ?" ಅನ್ನೋದರ ಜೊತೆಗೆ "ಐದು ವರ್ಷದ ಹಿಂದೆ ಹೊರಗೆ ಹೋದವರು ಈಗ ಎಲ್ಲಿದ್ದಾರೆ?" ಅಂತಲೂ ಕೇಳಲಿ. ಇದಕ್ಕೆ ಉತ್ತರ ಇಟ್ಟುಕೊಂಡಿರೋ ಸಂಸ್ಥೆಗೆ ಮೊದಲು ದುಡ್ಡು ಹೋಗಲಿ.

ನಾವೇನು ಮಾಡಬಹುದು? ಬರ್ತ್‌ಡೇ ದಿನ ಕೇಕ್ ತಗೊಂಡು ಹೋಗಿ ಮಕ್ಕಳ ಜೊತೆ ಸೆಲ್ಫಿ ಹಾಕೋದು ಬೇಡ. ಅಂಥ ಮಕ್ಕಳ ಗುರುತು ಬಯಲು ಮಾಡೋದನ್ನು ಅದೇ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತೆ. ಅದರ ಬದಲು ನಮಗೆ ಚೆನ್ನಾಗಿ ಗೊತ್ತಿರೋ ಕೆಲಸ ಮಾಡೋಣ. ಸಿಇಟಿ ಆಪ್ಷನ್ ಎಂಟ್ರಿ, ಸ್ಕಾಲರ್‌ಶಿಪ್ ಫಾರಂ, ಡಿಪ್ಲೊಮಾ ಒಳ್ಳೇದಾ ಬಿಇ ಒಳ್ಳೇದಾ, ಎಜುಕೇಶನ್ ಲೋನ್ ಹೇಗೆ ಅನ್ನೋದನ್ನೆಲ್ಲಾ ಕನ್ನಡದಲ್ಲಿ ಕೂತು ಹೇಳಿಕೊಡೋಣ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಫಸ್ಟ್ ಸೆಮ್ ಬುಕ್ ನನಗೇ ಕಷ್ಟ ಆಯ್ತು. ಕನ್ನಡ ಮೀಡಿಯಂನಿಂದ ಒಬ್ಬಂಟಿಯಾಗಿ ಬರೋರ ಪಾಡು ಯೋಚನೆ ಮಾಡಿ. ಕನ್ನಡ ಸಂಘ ಅಂದ್ರೆ ನವೆಂಬರ್‌ನಲ್ಲಿ ಬಾವುಟ ಹಾರಿಸೋದು ಮಾತ್ರ ಅಲ್ವಲ್ಲ.

ಈ ಸೆಮ್‌ನಲ್ಲೇ ಸಂಘದ ಕಡೆಯಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಪತ್ರ ಬರೆದು ಅನುಮತಿ ಕೇಳೋಣ. ಪಿಯು ಓದ್ತಿರೋ ಒಬ್ಬರಿಗೆ ನಮ್ಮಲ್ಲಿ ಇಬ್ಬರು, ಅವರ ಡಿಗ್ರಿ ಮುಗಿಯೋ ತನಕ. ನಾವು ಪಾಸಾಗಿ ಹೋಗುವಾಗ ಜೂನಿಯರ್‌ಗಳಿಗೆ ಒಪ್ಪಿಸಿ ಹೋಗೋಣ. ನಾಲ್ಕೇ ಜನ ಸೇರಿದರೂ ಸಾಕು, ಶುರು ಮಾಡಬಹುದು.