ಫೆರಿಟಿನ್ ಚಲೋ ಐತಿ, ರಕ್ತ ಮಾತ್ರ ಇಲ್ಲ

ಬೆಟಗೇರಿಯಲ್ಲಿ ಸಣ್ಣದೊಂದು ಲ್ಯಾಬ್ ನಡೆಸುತ್ತೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬರುವ ಹೆಣ್ಣುಮಕ್ಕಳ ಕೈಯಲ್ಲಿರುವ ಚೀಟಿಯ ಮೇಲೆ ಬಹಳ ಸಲ ಎರಡೇ ಅಕ್ಷರ ಇರುತ್ತವೆ: ಎಚ್‌ಬಿ. ‘ರಕ್ತ ಎಷ್ಟೈತಿ ನೋಡ್ರಿ ಅಕ್ಕಾರ’ ಎಂದು ತೋಳು ಚಾಚುತ್ತಾರೆ. ಸೂಜಿ ಚುಚ್ಚುವ ಮೊದಲು ಬೆರಳು ನೋಡುವುದು ನನಗೆ ರೂಢಿ. ಎರಡೂ ಕೈಗಳಲ್ಲಿ ಬೆರಳಿನ ಗೆಣ್ಣು ಊದಿ, ಮಣಿಕಟ್ಟು ದಪ್ಪಗಾಗಿದ್ದರೆ, ‘ಮುಂಜಾನೆ ರೊಟ್ಟಿ ಬಡಿಯಾಕ ಬರ್ತೈತೇನ್ರಿ?’ ಎಂದು ಕೇಳುತ್ತೇನೆ. ‘ಎಲ್ಲಿ ರೊಟ್ಟಿರಿ, ಹೊತ್ತೇರೂ ತನಕಾ ಬೆರಳ ಮಡಚಾಂಗಿಲ್ಲ. ಸೊಸಿ ಬಡೀತಾಳ.’

ರೋಗ ಗುರುತಿಸುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಮುಂಜಾನೆ ತಾಸುಗಟ್ಟಲೆ ಕೀಲು ಹಿಡಿದುಕೊಳ್ಳುವುದು, ಎಡಕ್ಕೂ ಬಲಕ್ಕೂ ಒಂದೇ ಥರ ಸಣ್ಣ ಕೀಲುಗಳು ಊದುವುದು ರುಮಟಾಯ್ಡ್ ಆರ್ಥ್ರೈಟಿಸ್‌ನ ಲಕ್ಷಣ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ನಮ್ಮ ಕಡೆ ಇದಕ್ಕೆ ‘ವಾಯು’ ಎಂದು ಹೆಸರಿಟ್ಟು ಎಣ್ಣೆ ತಿಕ್ಕಿಸಿಕೊಂಡು ವರ್ಷ ಕಳೆಯುತ್ತಾರೆ.

ಇಂಥವರ ಹಿಮೋಗ್ಲೋಬಿನ್ ಒಂಬತ್ತು ಬರುತ್ತದೆ. ಕಬ್ಬಿಣದ ಕೆಂಪು ಗುಳಿಗಿ ಶುರುವಾಗುತ್ತದೆ. ಕೆಲವು ತಿಂಗಳ ನಂತರ ಅದೇ ಹೆಂಗಸು ಮತ್ತೆ ಬರುತ್ತಾಳೆ, ಮತ್ತೆ ಒಂಬತ್ತರ ಆಸುಪಾಸು. ‘ಗುಳಿಗಿ ನುಂಗಿದ್ದ ಬಂತು, ರಕ್ತ ಏರವಲ್ದು’ ಎನ್ನುತ್ತಾಳೆ. ಯಾರೋ ಫೆರಿಟಿನ್ ಬರೆದುಕೊಟ್ಟಿದ್ದರೆ ಇನ್ನೂ ಗೊಂದಲ. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಅದು ಅರವತ್ತೋ ನೂರೋ ಇರುತ್ತದೆ. ರಿಪೋರ್ಟಿನ ಪಕ್ಕದಲ್ಲಿ ‘ನಾರ್ಮಲ್’ ಎಂದು ಮುದ್ರಿಸುವವಳು ನಾನೇ. ಕಬ್ಬಿಣ ಇದೆ, ರಕ್ತ ಇಲ್ಲ ಅಂದರೆ ಏನರ್ಥ?

ನಮ್ಮ ಎರೆಭೂಮಿಯವರಿಗೆ ಇದನ್ನು ಹಗೇವಿನ ಲೆಕ್ಕದಲ್ಲಿ ಹೇಳಬಹುದು. ನೆಲದಡಿಯ ಕಣಜವಾದ ಹಗೇವಿನ ತುಂಬ ಜೋಳವಿದೆ, ಆದರೆ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟಿದ್ದಾರೆ; ಮನೆಯಲ್ಲಿ ಬೀಸುವ ಕಲ್ಲು ಖಾಲಿ ತಿರುಗುತ್ತಿದೆ. ಕೀಲಿನ ಉರಿಯೂತದಿಂದ ಹೊರಡುವ ಐಎಲ್-6 ಎಂಬ ಸಂದೇಶವಾಹಕ ಯಕೃತ್ತನ್ನು ಮುಟ್ಟಿದಾಗ ಅದು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಜೀವಕೋಶಗಳಿಂದ ಕಬ್ಬಿಣ ಹೊರಬರುವ ಬಾಗಿಲನ್ನು ಮುಚ್ಚುವುದೇ ಹೆಪ್ಸಿಡಿನ್ ಕೆಲಸ. ಹೊಸ ರಕ್ತಕಣ ಕಟ್ಟಲು ಮೂಳೆಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ಮೈಗೆ ಇಳಿಯುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಹಳೆಯ ರಕ್ತಕಣ ಒಡೆದು ಮರಳಿ ಸಿಗುವಂಥದ್ದು. ಬಾಗಿಲು ಮುಚ್ಚಿದರೆ ಆ ಮರುಬಳಕೆ ಕುಸಿಯುತ್ತದೆ, ಕರುಳಿನಿಂದ ಹೊಸ ಕಬ್ಬಿಣ ಬರುವುದೂ ಕಡಿಮೆಯಾಗುತ್ತದೆ. ಐಎಲ್-6 ತಡೆಯುವ ಟೊಸಿಲಿಜುಮ್ಯಾಬ್ ಪಡೆದ ರುಮಟಾಯ್ಡ್ ರೋಗಿಗಳಲ್ಲಿ ಉರಿಯೂತ ಇಳಿದಂತೆ ಹಿಮೋಗ್ಲೋಬಿನ್ ಏರಿದ್ದು ಕಂಡುಬಂದಿದೆ. ಅಂದರೆ ಇಂಥವರಲ್ಲಿ ಮೊದಲು ಆರಿಸಬೇಕಾದದ್ದು ಕೀಲಿನ ಬೆಂಕಿಯನ್ನು.

ಹಾಗಂತ ಕಬ್ಬಿಣದ ಗುಳಿಗಿ ಬಿಸಾಡಿ ಎನ್ನುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನ ಸ್ರಾವ, ಮೇಲಿಂದ ಮೇಲೆ ಬಸಿರು, ಊಟದ ಬೆನ್ನಿಗೇ ಕುಡಿಯುವ ಚಹಾ, ಇವೆಲ್ಲ ಇದ್ದೇ ಇವೆ. ಕೀಲುನೋವಿನವರಿಗೆ ಇನ್ನೊಂದು ಸೇರುತ್ತದೆ: ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ನೋವಿನ ಗುಳಿಗಿ ಹೊಟ್ಟೆಯೊಳಗೆ ಹುಣ್ಣು ಮಾಡಿ ಸದ್ದಿಲ್ಲದೆ ರಕ್ತ ಸೋರಿಸುತ್ತದೆ. ಹೀಗೆ ನಿಜವಾದ ಕೊರತೆಯೂ ಮುಚ್ಚಿದ ಬಾಗಿಲೂ ಒಬ್ಬಳಲ್ಲೇ ಇರಬಹುದು. ಅದನ್ನು ಬಿಡಿಸಿ ನೋಡಲೆಂದೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡು ಗೆರೆ ಎಳೆಯಿತು. ಆರೋಗ್ಯವಂತ ವಯಸ್ಕರಿಗೆ ಫೆರಿಟಿನ್ 15ಕ್ಕಿಂತ ಕಡಿಮೆಯಿದ್ದರೆ ಕೊರತೆ; ಸೋಂಕು ಅಥವಾ ಉರಿಯೂತ ಇದ್ದವರಿಗೆ 70ಕ್ಕಿಂತ ಕಡಿಮೆಯಿದ್ದರೂ ಕೊರತೆ. ಉರಿಯೂತದಲ್ಲಿ ಫೆರಿಟಿನ್ ತಾನಾಗಿಯೇ ಉಬ್ಬುತ್ತದೆ. ಆದ್ದರಿಂದ ಪಕ್ಕದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ ಇಲ್ಲದ ಫೆರಿಟಿನ್ ಅರ್ಧ ರಿಪೋರ್ಟು. ನಾನು ಹೇಳಿ ನನ್ನದೇ ವ್ಯಾಪಾರ ಹೆಚ್ಚಿಸಿಕೊಳ್ಳುತ್ತಿದ್ದೇನೆ ಎಂದು ಯಾರಾದರೂ ಅಂದರೆ ಅನ್ನಲಿ.

ಇನ್ನು ಮೂಳೆ. ಉರಿಯೂತ ಮೂಳೆ ತಿನ್ನುವ ಕೋಶಗಳಿಗೆ ಬಲ ಕೊಡುತ್ತದೆ, ನೋವಿಗೆಂದು ಕೊಡುವ ಸ್ಟಿರಾಯ್ಡ್ ಅದಕ್ಕೆ ಕೈ ಜೋಡಿಸುತ್ತದೆ. ಸ್ಟಿರಾಯ್ಡ್ ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲೇ ಮೂಳೆ ವೇಗವಾಗಿ ಸವೆಯುತ್ತದೆ. ಮೂಳೆ ಮುರಿತದ ಅಪಾಯ ಲೆಕ್ಕ ಹಾಕುವ ಫ್ರಾಕ್ಸ್ ಎಂಬ ಸಾಧನದಲ್ಲಿ ಸ್ಟಿರಾಯ್ಡ್‌ಗೊಂದು, ರುಮಟಾಯ್ಡ್‌ಗೊಂದು ಬೇರೆಬೇರೆ ಪ್ರಶ್ನೆಯೇ ಇದೆ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ‘ಎರಡು ದಿನದಾಗ ನೋವು ಹೋತು’ ಎನ್ನುವವರನ್ನು ಕಂಡರೆ ನನಗೆ ಅಂಜಿಕೆ. ಅಷ್ಟು ಬೇಗ ಗುಣ ಕೊಡುವ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯ ಯಾವತ್ತೂ ಇರಬೇಕು. ಕಬ್ಬಿಣಕ್ಕೂ ಮೂಳೆಗೂ ನಂಟಿದೆ. ಮೂಳೆಯ ಹಂದರವಾದ ಕೊಲಾಜನ್ ಗಟ್ಟಿಯಾಗಲು ಬೇಕಾದ ಕಿಣ್ವಗಳು ಕಬ್ಬಿಣವಿಲ್ಲದೆ ಕೆಲಸ ಮಾಡವು. ಕಬ್ಬಿಣ ಅತಿಯಾಗಿ ತುಂಬಿದರೂ ಮೂಳೆ ಸವೆಯುತ್ತದೆ. ಆದ್ದರಿಂದ ಗುಳಿಗಿಗೆ ರಕ್ತ ಏರಲಿಲ್ಲವೆಂದು ಫೆರಿಟಿನ್, ಸಿಆರ್‌ಪಿ ನೋಡದೆ ಸಲೈನಿನಲ್ಲಿ ಕಬ್ಬಿಣ ಏರಿಸುವ ಅವಸರ ಬೇಡ.

ಮುಂಡರಗಿ ಕಡೆಯವರ ವಿಷಯ ಇನ್ನೂ ತೊಡಕಿನದು. ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು. ವರ್ಷಗಟ್ಟಲೆ ಕುಡಿದವರಿಗೆ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯುತ್ತವೆ. ಇದನ್ನೂ ಜನ ‘ವಾಯು’ ಎಂದೇ ಕರೆಯುತ್ತಾರೆ. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಫ್ಲೋರೈಡ್ ತುಂಬಿದ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ದಟ್ಟವಾಗಿ ಕಾಣುತ್ತದೆ, ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರವೂ ‘ಗಟ್ಟಿ’ ಎನ್ನುತ್ತದೆ, ಆದರೆ ಆ ಮೂಳೆ ಪೆಡಸು. ರುಮಟಾಯ್ಡ್ ಇರುವ, ಸ್ಟಿರಾಯ್ಡ್ ತಿನ್ನುವ, ಫ್ಲೋರೈಡ್ ನೀರು ಕುಡಿದು ಬೆಳೆದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಫೆರಿಟಿನ್ ಚಲೋ, ಡೆಕ್ಸಾ ಚಲೋ. ರಕ್ತವಿಲ್ಲ, ಎಡವಿದರೆ ಮಣಿಕಟ್ಟು ಮುರಿಯುತ್ತದೆ.

ನಮ್ಮ ಗದಗ ಜಿಲ್ಲೆಯಲ್ಲಿ ಕೀಲುನೋವಿನವರ ಚೀಟಿಯ ಮೇಲೆ ಮೂರು ಸಾಲು ಹೆಚ್ಚಿಗೆ ಬರೆಯುವ ಪದ್ಧತಿ ಬರಬೇಕು: ಮುಂಜಾನೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಗುಳಿಗಿ-ಪುಡಿ ತಿನ್ನುತ್ತಾಳೆ, ಯಾವ ನೀರು ಕುಡಿಯುತ್ತಾಳೆ. ಎರಡನೆಯದನ್ನು ಗುಳಿಗಿಯ ಹಾಳೆ ತರಿಸಿ ನೋಡಿಯೇ ಬರೆಯಬೇಕು. ರುಮಟಾಯ್ಡ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗುವ ಔಷಧ. ಕಬ್ಬಿಣದ ಗುಳಿಗಿಯಂತೆ ದಿನವೂ ನುಂಗಿದರೆ ಜೀವಕ್ಕೇ ಎರವಾಗಬಹುದು. ಕ್ಯಾಲ್ಸಿಯಂ ಗುಳಿಗಿಯನ್ನೂ ಕಬ್ಬಿಣದ ಗುಳಿಗಿಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರಂತೂ ಲೆಕ್ಕವಿಲ್ಲ. ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡದು. ಒಂದನ್ನು ಮುಂಜಾನೆ, ಇನ್ನೊಂದನ್ನು ರಾತ್ರಿ ಎಂದು ಬಾಯಿಬಿಟ್ಟು ಹೇಳಬೇಕು.

ಹಿಮೋಗ್ಲೋಬಿನ್ ಕಡಿಮೆಯಿದ್ದು ಕೀಲೂ ಊದಿದವರಿಗೆ ಫೆರಿಟಿನ್ ಮತ್ತು ಸಿಆರ್‌ಪಿ ಎರಡನ್ನೂ ತಾಲ್ಲೂಕು ಆಸ್ಪತ್ರೆಯ ಮೂಲಕವೇ ಪುಕ್ಕಟೆ ಮಾಡಿಕೊಡಬೇಕು. ಯಂತ್ರ ದುಬಾರಿ ಎಂಬ ಮಾತು ಬರುತ್ತದೆ, ಒಪ್ಪೋಣ. ಎಲ್ಲ ಕಡೆ ಯಂತ್ರ ಬೇಕಿಲ್ಲ, ಹಾಗಂತ ರೋಗಿಯನ್ನೇ ಗದಗಿಗೆ ಅಲೆಸುವುದೂ ಬೇಡ. ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಶಿರಹಟ್ಟಿಯಿಂದ ಗದಗಿಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ರಕ್ತದಿಂದ ಬೇರ್ಪಡಿಸಿದ ಸೀರಮ್ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಈ ಎರಡು ಪರೀಕ್ಷೆಗೆ ಕೆಲವು ದಿನ ಕೆಡದೆ ಇರುತ್ತದೆ. ಲಸಿಕೆ ಒಯ್ಯುವಂಥ ತಂಪಿನ ಡಬ್ಬಿಯಲ್ಲಿ ವಾರಕ್ಕೆರಡು ಸಲ ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಸೀಸೆಗಳು ಮಲ್ಲಸಮುದ್ರದ ವೈದ್ಯಕೀಯ ಕಾಲೇಜಾದ ಜಿಮ್ಸ್‌ಗೆ ಬಂದು, ಉತ್ತರ ಆಶಾ ಕಾರ್ಯಕರ್ತೆಯ ಮೊಬೈಲಿಗೆ ಹೋದರೆ, ರೋಗಿ ತನ್ನೂರಲ್ಲೇ ಇರಬಹುದು.